ಬೆಲ್ಲಕ್ಕೆ ಎಷ್ಟು ಸ್ಪೆಲ್ಲಿಂಗು?

ಈ ಬೇಸಿಗೆ ರಜೆಗೆ ಬೆಂಗಳೂರಿನಿಂದ ಅಂತರಘಟ್ಟೆಗೆ ಬಂದ ನನ್ನ ಮೊಮ್ಮಗಳು, ಕೈಕಾಲು ತೊಳೆಯುವ ಮೊದಲೇ ಚೀಲದಿಂದ ಒಂದು ಡಬ್ಬಿ ತೆಗೆದು ಜಗಲಿಯ ಮೇಲೆ ಇಟ್ಟಳು. "ಅಜ್ಜ, ಚೌಕಾಬಾರ ಆಡಿ ಆಡಿ ಸಾಕಾಯ್ತು. ಈ ಸಲ ಸ್ಕ್ರ್ಯಾಬಲ್" ಅಂದಳು. ಏಳನೆಯ ತರಗತಿ ಮುಗಿಸಿ ಎಂಟಕ್ಕೆ ಹೋಗುವ ಹುಡುಗಿ. ನನಗೆ 74 ವರ್ಷ. ಬಿ.ಕಾಂ. ಓದಿ, 37 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, 2011ರಲ್ಲಿ ನಿವೃತ್ತನಾದವನು. ಅಷ್ಟು ವರ್ಷ ಇಂಗ್ಲಿಷಿನಲ್ಲಿ ಲೆಡ್ಜರ್ ಬರೆದವನನ್ನು ಈ ಚೋಟುದ್ದದ ಹುಡುಗಿ ಏನು ಸೋಲಿಸಿಯಾಳು ಎಂದುಕೊಂಡು ಕನ್ನಡಕ ಒರೆಸಿಕೊಂಡು ಕುಳಿತೆ.

ಮೊದಲನೇ ಆಟದಲ್ಲೇ ನೂರಕ್ಕೂ ಹೆಚ್ಚು ಅಂಕಗಳಿಂದ ಸೋತೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ವಾರಪತ್ರಿಕೆಗಳಲ್ಲಿ ಬರುವ ಪದಬಂಧವನ್ನು ಇಬ್ಬರು ಕೂತು ಕಟ್ಟುತ್ತಾ ಹೋದರೆ ಹೇಗಿರುತ್ತದೋ ಹಾಗೆ. ಉದ್ದಕ್ಕೆ 15, ಅಡ್ಡಕ್ಕೆ 15, ಒಟ್ಟು 225 ಮನೆಗಳ ಮಣೆ. 100 ಬಿಲ್ಲೆಗಳು, 98ರ ಮೇಲೆ ಇಂಗ್ಲಿಷ್ ಅಕ್ಷರ, ಎರಡು ಖಾಲಿ. ಖಾಲಿ ಬಿಲ್ಲೆಯನ್ನು ಯಾವ ಅಕ್ಷರವೆಂದಾದರೂ ಹೇಳಿ ಇಡಬಹುದು, ಆದರೆ ಅದಕ್ಕೆ ಅಂಕವಿಲ್ಲ. ಪ್ರತಿಯೊಬ್ಬರ ಮುಂದೆ ಏಳು ಬಿಲ್ಲೆ. ಮಣೆಯ ಮೇಲೆ ಈಗಾಗಲೇ ಇರುವ ಪದಕ್ಕೆ ತಗುಲುವಂತೆ ಹೊಸ ಪದ ಕಟ್ಟಬೇಕು. ಸುಲಭವಾಗಿ ಸಿಗುವ ಅಕ್ಷರಕ್ಕೆ ಒಂದೇ ಅಂಕ, ಅಪರೂಪದ ಕ್ಯೂ ಮತ್ತು ಝಡ್‌ಗೆ ಹತ್ತು ಹತ್ತು. ಏಳೂ ಬಿಲ್ಲೆಗಳನ್ನು ಒಂದೇ ಸರದಿಯಲ್ಲಿ ಇಟ್ಟರೆ 50 ಅಂಕ ಬಹುಮಾನ.

ಇದನ್ನು ಕಂಡುಹಿಡಿದವರು ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದಾಗ ವೃತ್ತಪತ್ರಿಕೆ ಬಿಡಿಸಿಕೊಂಡು, ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿದರಂತೆ. ಆ ಎಣಿಕೆಯಿಂದಲೇ ಇ ಅಕ್ಷರಕ್ಕೆ 12 ಬಿಲ್ಲೆ, ಕ್ಯೂಗೆ ಒಂದೇ ಒಂದು ಎಂದು ಹಂಚಿದರು. ಎಸ್ ಸೇರಿಸಿ ಎಲ್ಲವನ್ನೂ ಬಹುವಚನ ಮಾಡಿಬಿಡುತ್ತಾರೆಂದು ಎಸ್ ಬಿಲ್ಲೆಗಳನ್ನು ನಾಲ್ಕಕ್ಕೇ ನಿಲ್ಲಿಸಿದರು. ಜೇಮ್ಸ್ ಬ್ರೂನೋ ಎಂಬವರು 1948ರಲ್ಲಿ ಅದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರಿಟ್ಟು ಮಾರಾಟಕ್ಕೆ ತಂದರು. ಕೆಲಸವಿಲ್ಲದ ಮನುಷ್ಯ ಕೂತು ಲೆಕ್ಕ ಹಾಕಿದ್ದರಿಂದ ಹುಟ್ಟಿದ ಆಟ ಎಂದು ತಿಳಿದ ಮೇಲೆ, ಲೆಕ್ಕದವನಾದ ನನಗೆ ಅದರ ಮೇಲೆ ಸ್ವಲ್ಪ ಗೌರವ ಬಂತು.

ಆದರೆ ಮೊದಲ ದಿನ ಬಂದದ್ದು ಸಿಟ್ಟು. ಹುಡುಗಿ ಎ-ಎ ಎಂದು ಎರಡು ಬಿಲ್ಲೆ ಇಟ್ಟು "ಪದ" ಅಂದಳು. ಕ್ಯೂ-ಐ ಇಟ್ಟು 11 ಅಂಕ ಬರೆದುಕೊಂಡಳು. ಝಡ್-ಎ ಇಟ್ಟು ಇನ್ನೊಂದು 11.

"ಹಾಗಂದ್ರೇನೇ ಪುಟ್ಟಿ?"

"ಗೊತ್ತಿಲ್ಲ ಅಜ್ಜ. ಲಿಸ್ಟಲ್ಲಿದೆ. ಎರಡಕ್ಷರದ್ದೆಲ್ಲ ಬಾಯಿಪಾಠ ಮಾಡಿದೀನಿ."

ಅರ್ಥ ಗೊತ್ತಿಲ್ಲದ ಪದಕ್ಕೆ ಅಂಕವೇ? ಸಹಿ ನೋಡದೆ ಚೆಕ್ಕಿಗೆ ಹಣ ಕೊಟ್ಟಂತಾಯಿತು. ಅವಳೇನೋ ಸಮರ್ಥನೆಯನ್ನೂ ಇಟ್ಟುಕೊಂಡಿದ್ದಳು. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬ ಆಟಗಾರ 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಸ್ಕ್ರ್ಯಾಬಲ್ ಪಂದ್ಯ ಗೆದ್ದರು. ಅವರಿಗೆ ಫ್ರೆಂಚ್ ಮಾತಾಡಲು ಬರುವುದಿಲ್ಲ! ಪದಪಟ್ಟಿಯನ್ನು ಕೆಲವೇ ವಾರ ಓದಿ ನೆನಪಿಟ್ಟುಕೊಂಡರು, ಅಷ್ಟೆ. 2024ರಲ್ಲಿ ಸ್ಪ್ಯಾನಿಷ್ ಪಂದ್ಯವನ್ನೂ ಹೀಗೆಯೇ ಗೆದ್ದರು. ಇದು ನಿಜವಾದ ಸಂಗತಿ, ಪತ್ರಿಕೆಗಳಲ್ಲೆಲ್ಲ ಬಂದದ್ದು. ಅಂಥ ನೆನಪಿನ ಶಕ್ತಿಗೆ ಕೈಮುಗಿಯಬೇಕು. ಆದರೂ ನಮ್ಮ ಜಗಲಿಗೆ ನಾನೊಂದು ಕಾನೂನು ಮಾಡಿದೆ: ಪದ ಇಟ್ಟವರು ಅರ್ಥ ಹೇಳಬೇಕು. ಹೇಳಿದರೆ ಅಂಕ, ಹೇಳದಿದ್ದರೆ ಸೊನ್ನೆ.

"ಸರಿ" ಎಂದಳು. ಅವಳು ಅಮ್ಮನ ಹಳೆಯ ಫೋನಿನಲ್ಲಿ ನಿಘಂಟು ತೆರೆದಳು. ನಾನು ಕಪಾಟಿನಿಂದ ನನ್ನ ದಪ್ಪ ನಿಘಂಟನ್ನೂ, ಉಪಯೋಗಿಸದೆ ಉಳಿದಿದ್ದ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನೂ ಇಳಿಸಿದೆ. ಎಡಗಡೆ ಪದ, ನಡುವೆ ಅಂಕ, ಬಲಗಡೆ ಅರ್ಥ. ಹದಿನೈದು ದಿನದಲ್ಲಿ ಮೂವತ್ತು ಪುಟ ತುಂಬಿತು. ಅದರಿಂದ ಕೆಲವನ್ನು ನಿಮಗೂ ಕೊಡುತ್ತೇನೆ. ಆಡುವಾಗ ಉಪಯೋಗಕ್ಕೆ ಬರುತ್ತವೆ.

ಮೊದಲು ಚಿಕ್ಕವು. ಎ-ಎ ಎಂದರೆ ಹವಾಯಿ ದ್ವೀಪದ ಜ್ವಾಲಾಮುಖಿಯಿಂದ ಹರಿದು ಒರಟಾಗಿ ಗಟ್ಟಿಯಾದ ಲಾವಾ ಕಲ್ಲು. ಎ-ಐ ಎಂದರೆ ದಕ್ಷಿಣ ಅಮೆರಿಕದ ಕಾಡಿನಲ್ಲಿ ಮರಕ್ಕೆ ಜೋತುಬಿದ್ದಿರುವ, ಮೂರು ಬೆರಳಿನ ಸೋಮಾರಿ ಪ್ರಾಣಿ. ಕ್ಯೂ-ಐ ಅನ್ನು 'ಚೀ' ಎಂದು ಉಚ್ಚರಿಸಬೇಕು. ಚೀನೀಯರು ದೇಹದೊಳಗೆ ಹರಿಯುತ್ತದೆಂದು ನಂಬುವ ಪ್ರಾಣಶಕ್ತಿ ಅದು. ಎಕ್ಸ್-ಯು ಹಿಂದೆ ವಿಯೆಟ್ನಾಮಿನಲ್ಲಿ ನಡೆಯುತ್ತಿದ್ದ ಚಿಲ್ಲರೆ ಕಾಸು. ನೂರು ಸೇರಿದರೆ ಅಲ್ಲಿನ ಒಂದು ಡಾಂಗ್ ಆಗುತ್ತಿತ್ತು. ಓ-ಇ ಎಂದರೆ ಫ್ಯಾರೋ ದ್ವೀಪಗಳ ಕಡೆ ಏಳುವ ಸುಂಟರಗಾಳಿ. ಝಡ್-ಎ? ಪಿಜ್ಜಾದ ಬಾಲ, ಅಷ್ಟೆ! ಅಮೆರಿಕದ ಹುಡುಗರು ಪಿಜ್ಜಾ ಎನ್ನಲೂ ಪುರುಸೊತ್ತಿಲ್ಲದೆ ಕೊನೆಯ ತುಂಡನ್ನು ಮಾತ್ರ ಹೇಳಿದ್ದು ನಿಘಂಟಿಗೆ ಸೇರಿತು. ಝಡ್-ಓ ಎಂದರೆ ಹಿಮಾಲಯದಲ್ಲಿ ಯಾಕ್ ಮೃಗಕ್ಕೂ ಹಸುವಿಗೂ ಹುಟ್ಟುವ ಮಿಶ್ರತಳಿ. ಅಜ್ಜಂಪುರದ ಅಮೃತಮಹಲ್ ತಳಿಕೇಂದ್ರದ ದನಗಳನ್ನು ನೋಡುತ್ತಾ ಬೆಳೆದ ನನಗೆ ಇದೊಂದು ಮಾತ್ರ ಥಟ್ಟನೆ ಮನಸ್ಸಿನಲ್ಲಿ ಕೂತಿತು. ಒಂದು ಎಚ್ಚರಿಕೆ: ಝಡ್-ಓ ಬ್ರಿಟನ್ನಿನ ಪದಪಟ್ಟಿಯಲ್ಲಿದೆ, ಅಮೆರಿಕದ ಪಟ್ಟಿಯಲ್ಲಿಲ್ಲ. ಯಾವ ಪಟ್ಟಿ ಎಂದು ಆಟಕ್ಕೆ ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಜಗಳ ಬೇಡ.

ಕ್ಯೂ ಬಂದರೆ ಯು ಬರಲೇಬೇಕೆಂದು ಶಾಲೆಯಲ್ಲಿ ಕಲಿತವರು ನಾವು. ಯು ಸಿಗದೆ ಕ್ಯೂ ಹಿಡಿದುಕೊಂಡು ಕೂತವರ ಕಷ್ಟ ನನಗೆ ಗೊತ್ತು. ಅವರಿಗಾಗಿ ಎರಡು ಪದ. ಕ್ಯೂ-ಎ-ಟಿ: ಯೆಮನ್ ಕಡೆಯ ಜನ ಅಗಿಯುವ ಒಂದು ಎಲೆ. ನಮ್ಮ ಎಲೆ ಅಡಿಕೆಯ ಹಾಗೆ ಬಾಯಾಡಿಸುವುದೇ, ಆದರೆ ಅದು ಅಮಲಿನದು, ಅದರ ಸಹವಾಸ ಬೇಡ. ಕ್ಯೂ-ಎ-ಎನ್-ಎ-ಟಿ: ಇರಾನಿನಲ್ಲಿ ಗುಡ್ಡದ ಬುಡದಿಂದ ಊರಿಗೆ ನೀರು ತರಲು ನೆಲದೊಳಗೆ ತೋಡಿದ ಕಾಲುವೆ. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ನೀರಿನ ಸುರಂಗ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸ್ವರಾಕ್ಷರವೇ ಸಿಗದೆ ಒದ್ದಾಡುವಾಗ ಸಿ-ಡಬ್ಲ್ಯು-ಎಂ ಇಡಿ. 'ಕೂಮ್' ಎಂದು ಓದಬೇಕು, ಬಟ್ಟಲಿನ ಆಕಾರದ ಕಣಿವೆ. ವೇಲ್ಸ್ ಜನರ ಭಾಷೆಯಲ್ಲಿ ಡಬ್ಲ್ಯು ಕೂಡ ಸ್ವರ.

ಇಲ್ಲಿಯವರೆಗೆ ಹುಡುಗಿಯೇ ಮುಂದು. ಆಮೇಲೆ ನನ್ನ ಸರದಿ ಬಂತು. ನಮ್ಮ ದೇಶದ ಎಷ್ಟೋ ಮಾತುಗಳು ಇಂಗ್ಲಿಷ್ ನಿಘಂಟಿನಲ್ಲಿ ಕಾಯಂ ನೌಕರಿ ಹಿಡಿದಿವೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಲಕ್ಷ, ಕೋಟಿ, ರೂಪಾಯಿ, ಆಣೆ, ಕಾಸು, ಎಲ್ಲವೂ ನಡೆಯುತ್ತವೆ. ಬ್ಯಾಂಕಿನವನಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಇಲ್ಲಿನ ವಿನಿಮಯ ದರವೇ ಬೇರೆ. ಲಕ್ಷಕ್ಕೆ, ಅಂದರೆ ಲಾಖ್‌ಗೆ, 11 ಅಂಕ. ಕೋಟಿಗೆ, ಅಂದರೆ ಕ್ರೋರ್‌ಗೆ, ಬರೀ 7. ರೂಪಾಯಿಗೂ 7! ಹಳೆಯ ಕಾಸಿಗೆ, ಪೈಸ್‌ಗೆ, 8. ಕೋಟಿಗಿಂತ ಕಾಸಿಗೇ ಬೆಲೆ ಹೆಚ್ಚು ಎಂದು ನಮ್ಮಾಕೆಗೆ ಹೇಳಿದಾಗ, "ಅಲ್ಲಾದರೂ ನ್ಯಾಯ ಇದೆಯಲ್ಲ" ಅಂದಳು.

ನಮ್ಮ ಹೊಲಮನೆಯ ಮಾತುಗಳೂ ಅಲ್ಲಿವೆ. ರಾಗಿ ಇದೆ. ಅಣೆಕಟ್ಟಿನ ತಮಿಳು ರೂಪ ಆನಿಕಟ್ ಎಂದಾಗಿ ಸೇರಿದೆ. ಭದ್ರಾ ಕಾಡಿನಲ್ಲಿ ಹಿಂಡುಕಟ್ಟಿ ಓಡಾಡುವ ಸೀಳುನಾಯಿಗೆ ಇಂಗ್ಲಿಷಿನಲ್ಲಿ ಡಿ-ಎಚ್-ಓ-ಎಲ್-ಇ, 'ಧೋಲ್' ಎನ್ನುತ್ತಾರೆ. ಅದು ಕನ್ನಡದ 'ತೋಳ'ದಿಂದ ಬಂದಿರಬಹುದೆಂದು ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟು ಊಹಿಸುತ್ತದೆ. ಬಿ-ಎ-ಟಿ-ಟಿ-ಎ, 'ಬಟ್ಟ' ಎಂಬುದು ಸಂಬಳದ ಜೊತೆಗೆ ಕೊಡುವ ಭತ್ಯೆ. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ 1886ರಲ್ಲಿ ಪ್ರಕಟಿಸಿದ, ಆಂಗ್ಲೋ-ಇಂಡಿಯನ್ ಮಾತುಗಳ 'ಹಾಬ್ಸನ್-ಜಾಬ್ಸನ್' ನಿಘಂಟು ಇದನ್ನು ಕನ್ನಡದ 'ಭತ್ತ'ಕ್ಕೆ ಜೋಡಿಸುತ್ತದೆ. ಸಿಪಾಯಿಗಳಿಗೆ ಊಟದ ಖರ್ಚಿಗೆಂದು ಕೊಡುತ್ತಿದ್ದ ಭತ್ಯೆಯ ಹಿಂದೆ ನಮ್ಮ ಭತ್ತ! ಮೂವತ್ತೇಳು ವರ್ಷ ಭತ್ಯೆಯ ಬಿಲ್ಲು ಬರೆದವನಿಗೆ ಈ ಭತ್ತದ ಕಾಳು ಕಂಡಿರಲಿಲ್ಲ.

ಇನ್ನೊಂದು ಬಂಡಿ. ಬಿ-ಎ-ಎನ್-ಡಿ-ವೈ. ಇಂಗ್ಲಿಷಿನಲ್ಲಿ ಇದಕ್ಕೆ ಬೇರೆ ಅರ್ಥಗಳಿವೆ, ಆದರೆ ಎತ್ತಿನ ಗಾಡಿ ಎಂಬ ಅರ್ಥವೂ ಉಂಟು, ಅದು ದಕ್ಷಿಣದ ಬಂಡಿಯೇ. ನಮ್ಮೂರ ದುರ್ಗಾಂಬಾ ದೇವಿಯ ಜಾತ್ರೆಗೆ ಸುತ್ತಲಿನ ಊರುಗಳಿಂದ ಎತ್ತುಗಳನ್ನು ಸಿಂಗರಿಸಿಕೊಂಡು ಪಾನಕದ ಬಂಡಿಗಳು ಧೂಳೆಬ್ಬಿಸಿ ಬರುವುದನ್ನು ಅವಳು ನೋಡಿದ್ದಾಳೆ. "ಹಾಗಾದ್ರೆ ಪಾನಕದ ಬಂಡೀಲಿ ಬಂಡಿ ಇಂಗ್ಲಿಷೇ! ಪಾನಕ ಇದೆಯಾ?" ಎಂದು ಹುಡುಕಿದಳು. ಸಿಗಲಿಲ್ಲ. "ಪಾನಕಕ್ಕೆ ಹಾಕೋ ಬೆಲ್ಲ?" ಎಂದಳು.

ಆ ಪ್ರಶ್ನೆಗೆ ನಾನು ತಟ್ಟನೆ ಉತ್ತರ ಕೊಡದೆ ಮಾತು ಬದಲಿಸಿದೆ. ಅದಕ್ಕೆ ಕಾರಣವಿತ್ತು.

ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲಿನ ಕಾಲ. ರೈತರೂ ಸಣ್ಣ ವ್ಯಾಪಾರಿಗಳೂ ಮೊದಲ ಸಲ ಬ್ಯಾಂಕಿನ ಮೆಟ್ಟಿಲು ಹತ್ತುತ್ತಿದ್ದರು. ದಾಸ್ತಾನಿನ ಮೇಲೆ ಸಾಲ ಕೊಡಲು ಗೋದಾಮಿಗೆ ಹೋಗಿ ಮೂಟೆ ಎಣಿಸಿ ಪಟ್ಟಿ ಬರೆಯುವ ಕೆಲಸ ಒಂದು ದಿನ ನನಗೆ ಬಿತ್ತು. ಸರಕು ಬೆಲ್ಲ. ಪಟ್ಟಿ ಇಂಗ್ಲಿಷಿನಲ್ಲಿರಬೇಕು. ನಾನು ಜೆ, ಎ, ಜಿ, ಜಿ, ಎ, ಆರ್, ವೈ ಎಂದು ಬರೆದುಕೊಟ್ಟೆ. ಮೇಲಿನವರೊಬ್ಬರು ಅದನ್ನು ನೋಡಿ, ಎರಡನೆಯ ಎ ಅನ್ನು ಕೆಂಪು ಇಂಕಿನಲ್ಲಿ ಹೊಡೆದು, ಮೇಲೆ ಇ ಎಂದು ತಿದ್ದಿ, ಕೌಂಟರಿನ ಮುಂದೆ ಜನ ನಿಂತಿದ್ದಾಗಲೇ ಗಟ್ಟಿಯಾಗಿ ಕೇಳಿದರು: "ಬಿ.ಕಾಂ. ಅಂತೆ! ಬೆಲ್ಲ ತಿನ್ನೋಕೆ ಬರುತ್ತೆ, ಬರೆಯೋಕೆ ಬರಲ್ವಾ?" ನಿಂತಿದ್ದವರು ನಕ್ಕರು. ಬೆಲ್ಲದ ಯಜಮಾನನೂ ನಕ್ಕ.

ಒಂದು ಅಕ್ಷರ, ಅಷ್ಟೇ. ಆದರೆ ಆಮೇಲೆ ಸ್ವಂತವಾಗಿ ಒಂದು ಸಾಲು ಇಂಗ್ಲಿಷ್ ಬರೆಯಬೇಕೆಂದರೂ ಕೈ ಹಿಂಜರಿಯುತ್ತಿತ್ತು. ಹಳೆಯ ಕಾಗದ ನೋಡಿ ನಕಲು ಮಾಡುತ್ತಿದ್ದೆ. ಬಡ್ತಿ ಪರೀಕ್ಷೆಗೆ ಅರ್ಜಿ ಕರೆದಾಗಲೆಲ್ಲ ಜೊತೆಯವರು ಬರೆದರು. ನಾನು "ವರ್ಗಾವಣೆ ಆಗುತ್ತೆ, ಮಕ್ಕಳ ಓದು" ಎಂದು ನೆಪ ಹೇಳಿದೆ. ಅಸಲು ಕಾರಣ ಇಂಗ್ಲಿಷ್ ಪ್ರಬಂಧ. ಗುಮಾಸ್ತನಾಗಿ ಸೇರಿದವನು ಗುಮಾಸ್ತನಾಗಿಯೇ ಹೊರಬಂದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ರಜೆಯ ಕೊನೆಯ ವಾರದ ಒಂದು ಮಧ್ಯಾಹ್ನ. ಆಟ ನಡೆದಿತ್ತು, ನಾನು ಎಂದಿನಂತೆ ಹಿಂದೆ. ಚೀಲದಿಂದ ಬಿಲ್ಲೆ ತೆಗೆದು ಮುಂದೆ ಜೋಡಿಸಿಕೊಂಡು ನೋಡಿದರೆ: ಜೆ, ಎ, ಜಿ, ಎ, ಆರ್, ವೈ, ಮತ್ತೊಂದು ಖಾಲಿ. ಖಾಲಿಯನ್ನು ಜಿ ಎಂದರೆ ನನ್ನ ಆ ಹಳೆಯ ಬೆಲ್ಲ, ಏಳಕ್ಕೆ ಏಳು! ಮಣೆಯ ಅಂಚಿನ ಬಳಿ ಪಿ-ಐ-ಟಿ ಎಂಬ ಪದವಿತ್ತು. ನನ್ನ ವೈ ಅದರ ಬಾಲಕ್ಕೆ ಕೂತರೆ ಪಿಟಿ, ಅಂದರೆ ಕರುಣೆ ಎಂದಾಗುತ್ತಿತ್ತು. ಎಲ್ಲ ಸರಿ. ಇ ಮಾತ್ರ ಇಲ್ಲ. ಕೆಂಪು ಇಂಕು ಕಣ್ಣಮುಂದೆ ಬಂತು. ಐದು ನಿಮಿಷ ಹಾಗೆಯೇ ಕೂತೆ.

ಪಾನಕದ ಲೋಟ ತಂದ ನಮ್ಮಾಕೆ ನನ್ನ ಬಿಲ್ಲೆಗಳ ಕಡೆ ಬಗ್ಗಿ ನೋಡಿ, "ಯಾಕ್ರೀ ಮುಖ ಹೀಗೆ ಮಾಡ್ಕೊಂಡಿದೀರಿ?" ಅಂದಳು. ಏಕೋ ಬಾಯಿ ಬಿಟ್ಟಿತು. ಗೋದಾಮು, ಪಟ್ಟಿ, ಕೆಂಪು ಇಂಕು, ನಗು, ಬರೆಯದ ಪರೀಕ್ಷೆ, ಎಲ್ಲವನ್ನೂ ಹೇಳಿಬಿಟ್ಟೆ. ನಮ್ಮಾಕೆ ಸೆರಗಿನಿಂದ ಕೈ ಒರೆಸುತ್ತಾ ಸುಮ್ಮನೆ ನಿಂತಳು. ಮೊಮ್ಮಗಳು ಮಾತ್ರ ಆಟದ ನಡುವಿನಲ್ಲಿದ್ದಳು.

"ಇಟ್ಬಿಡಜ್ಜ" ಅಂದಳು. "ತಪ್ಪಾಗಿದ್ರೆ ನಾನು ಚಾಲೆಂಜ್ ಮಾಡ್ತೀನಿ. ನೀನು ಬಿಲ್ಲೆ ವಾಪಸ್ ತಗೊಳ್ತೀಯ. ಒಂದು ಸರದಿ ಹೋಗುತ್ತೆ, ಅಷ್ಟೇ ತಾನೇ?"

ತಪ್ಪಿಗೆ ಒಂದು ಸರದಿಯ ದಂಡ. ಆ ಲೆಕ್ಕವನ್ನು ನನಗೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ಯಾರೂ ಹೇಳಿರಲಿಲ್ಲ; ನಾನೂ ಹಾಕಿಕೊಂಡಿರಲಿಲ್ಲ. ಏಳೂ ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟೆ. "ಅರ್ಥ?" ಎಂದಳು. ಅವಳ ಕೈಯಲ್ಲಿದ್ದ ಲೋಟ ತೋರಿಸಿ "ಅದಕ್ಕೆ ಹಾಕಿರೋದು" ಅಂದೆ.

ಅವಳು ಬಿಡಲಿಲ್ಲ, ಚಾಲೆಂಜ್ ಮಾಡಿಯೇ ಮಾಡಿದಳು. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿದಳು. ಆಮೇಲೆ ಕಿರುಚಿದಳು: "ಇದೆ ಅಜ್ಜ! ಇದೆ!"

ಇತ್ತು. ಇ ಹಾಕಿ ಬರೆದರೆ ಸರಿ, ಎ ಹಾಕಿ ಬರೆದರೂ ಸರಿ. ಜಿ ಆದ ಮೇಲೆ ಎಚ್ ಸೇರಿಸಿ ಬರೆಯುವ ಮೂರನೆಯ ರೂಪವೂ ಪದಪಟ್ಟಿಯಲ್ಲಿದೆ. ಇ ಇರುವ ರೂಪವೇ ಹೆಚ್ಚು ಬಳಕೆಯಲ್ಲಿರುವುದು ನಿಜ. ಪತ್ರವ್ಯವಹಾರದಲ್ಲಿ ಅದನ್ನೇ ಬರೆಯುವುದು ಒಳ್ಳೆಯದು. ಆದರೆ ನಾನು ಬರೆದದ್ದೂ ನಿಘಂಟಿನಲ್ಲಿದ್ದ ಪದವೇ. ಕೆಂಪು ಇಂಕು ಹಾಕಿದವರೂ ನಿಘಂಟು ತೆರೆದಿರಲಿಲ್ಲ, ನಾನೂ ತೆರೆದಿರಲಿಲ್ಲ.

ಯಾಕೆ ಇಷ್ಟು ಸ್ಪೆಲ್ಲಿಂಗು? ಆ ಸಂಜೆ ಇಬ್ಬರೂ ಹುಡುಕಿದೆವು. ಸಂಸ್ಕೃತದ ಶರ್ಕರಾ ನಮ್ಮ ದಕ್ಷಿಣದ ಭಾಷೆಗಳ ಬಾಯಲ್ಲಿ ಹೊರಳಿ, ಕರಾವಳಿಗೆ ಬಂದ ಪೋರ್ಚುಗೀಸರ ಕಿವಿಗೆ ಬಿದ್ದು, ಅವರ ನಾಲಿಗೆಯ ಮೇಲೆ ಬೇರೆ ರೂಪ ಪಡೆದು, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಕೇಳಿದವರು ಕೇಳಿದಂತೆ ಬರೆದುಕೊಂಡರು. ಅದೇ ಶರ್ಕರಾ ಪರ್ಷಿಯಾ, ಅರಬ್ ದೇಶಗಳ ದಾರಿ ಹಿಡಿದು ಯುರೋಪಿಗೆ ಹೋಗಿ 'ಶುಗರ್' ಆಯಿತು. ಅಂದರೆ ಇಂಗ್ಲಿಷಿನ ಸಕ್ಕರೆ, ಬೆಲ್ಲ ಎರಡೂ ಒಂದೇ ತಾಯಿಯ ಮಕ್ಕಳು, ಬೇರೆ ಬೇರೆ ಹಡಗು ಹತ್ತಿ ಹೋದವರು. ಇಲ್ಲಿಂದಲೇ ಹೋದ ಮಾತಿನ ಒಂದು ಅಕ್ಷರಕ್ಕೆ ಹೆದರಿ ನಾನು ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಲೆಕ್ಕ ಬೇಕೆನ್ನುವವರಿಗೆ: ಜೆಗೆ 8, ಎರಡು ಎಗೆ 2, ಜಿಗೆ 2, ಖಾಲಿಗೆ ಸೊನ್ನೆ, ಆರ್‌ಗೆ 1, ವೈಗೆ 4, ಒಟ್ಟು 17. ಅಡ್ಡಲಾಗಿ ಆದ ಪಿಟಿಗೆ 9. ಏಳು ಬಿಲ್ಲೆಯ ಬಹುಮಾನ 50. ಬಣ್ಣದ ಮನೆಗಳ ಹೆಚ್ಚುವರಿ ಬಿಟ್ಟರೂ 76. ಅಷ್ಟಾದರೂ ಆ ಆಟ ಅವಳೇ ಗೆದ್ದಳು, ಹನ್ನೊಂದು ಅಂಕದಿಂದ.

ಅಜ್ಜ ಅಜ್ಜಿಯರಿಗೆ ನನ್ನದೊಂದು ಸಲಹೆ. ಇಂಗ್ಲಿಷ್ ಆಟ ನಮಗಲ್ಲ ಎಂದು ದೂರ ಕೂರಬೇಡಿ. ಮಕ್ಕಳಿಗೆ ಪದ ಗೊತ್ತಿರುತ್ತದೆ, ನಿಮಗೆ ಅದರ ಹಿಂದಿನ ವಸ್ತು ಗೊತ್ತಿರುತ್ತದೆ; ಒಂದು ಪುಸ್ತಕವಿಟ್ಟು ಎರಡನ್ನೂ ಬರೆಯಿರಿ. ಮಕ್ಕಳೇ, ನಿಮಗೂ ಒಂದು ಕೆಲಸ. ನಿಮ್ಮ ಅಡುಗೆಮನೆಯಲ್ಲಿ, ಹಿತ್ತಲಲ್ಲಿ ಇರುವ ಯಾವ ಯಾವ ವಸ್ತುವಿನ ನಮ್ಮ ದೇಶದ ಹೆಸರೇ ಇಂಗ್ಲಿಷ್ ನಿಘಂಟಿನಲ್ಲಿದೆ ಎಂದು ಹುಡುಕಿ. ಐದು ಸಿಕ್ಕರೆ ಪಾಸ್. ತೆಂಗಿನಕಾಯಿಯಿಂದ ಶುರು ಮಾಡಿ. ಒಣಗಿದ ಕೊಬ್ಬರಿಯನ್ನೂ ಅದರ ಸಿಪ್ಪೆಯ ನಾರನ್ನೂ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ನೋಡಿ.

ಮೊಮ್ಮಗಳು ಊರಿಗೆ ಹೊರಡುವ ದಿನ ನನ್ನ ಲೆಕ್ಕದ ಪುಸ್ತಕ ತೆಗೆದು, ಬೆಲ್ಲದ ಮೂರೂ ಸ್ಪೆಲ್ಲಿಂಗುಗಳನ್ನು ಒಂದರ ಕೆಳಗೊಂದು ನೀಲಿ ಇಂಕಿನಲ್ಲಿ ಬರೆದು, ಪಕ್ಕದಲ್ಲಿ ಬ್ಯಾಂಕಿನವರ ಹಾಗೆ ಸರಿ ಗುರುತು ಹಾಕಿ ಸಹಿ ಮಾಡಿದಳು. ಈ ಲೇಖನದ ಕರಡನ್ನು ಅದರ ಮುಂದಿನ ಪುಟಗಳಲ್ಲೇ ಬರೆದಿದ್ದೇನೆ. ದಸರಾ ರಜೆಗೆ ಮತ್ತೆ ಬರುತ್ತಾಳಂತೆ. ಅಷ್ಟರಲ್ಲಿ ಮೂರಕ್ಷರದ ಪಟ್ಟಿ ಮುಗಿಸಿಟ್ಟಿರಬೇಕೆಂದು ಅಪ್ಪಣೆಯಾಗಿದೆ. ಅರ್ಥಸಹಿತ.